ಓದುಗರ ಪ್ರಶ್ನೆ: ತೆರೆಯ ಮೇಲಿನ ಸವಾಲು, ಸಭೆಯೊಳಗಿನ ಉತ್ತರ

ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಬಂದ ಪತ್ರಗಳಲ್ಲಿ ಈ ಸಲ ಸಿನಿಮಾದ್ದೇ ಮಾತು. ಟಾಕೀಸಿಗೆ ಹೋಗುವವರು ಕಡಿಮೆಯಾಗಿರಬಹುದು, ಆದರೆ ಹಿಂದಿ, ತೆಲುಗು, ಮಲಯಾಳಂ, ಇಂಗ್ಲಿಷ್ ಎಲ್ಲವೂ ಮೊಬೈಲಿಗೇ ಬಂದು ಕೂತಿವೆ. ಹದಿನೈದು-ಇಪ್ಪತ್ತು ವರ್ಷ ಹಳೆಯ ಚಿತ್ರದ ಎರಡು ನಿಮಿಷದ ತುಣುಕು ನಿನ್ನೆ ಬಿಡುಗಡೆಯಾದಂತೆ ಗ್ರೂಪಿನಿಂದ ಗ್ರೂಪಿಗೆ ತಿರುಗುತ್ತದೆ. ಮೆಥಡಿಸ್ಟ್, ಕ್ಯಾಥೊಲಿಕ್, ಸ್ವತಂತ್ರ ಸಭೆ, ಮೂರೂ ಕಡೆಯವರು ಬರೆದಿದ್ದಾರೆ. ಹೆಸರು ಬಿಟ್ಟು ಊರು ಮಾತ್ರ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಯೂತ್ ಫೆಲೋಶಿಪ್‌ನಾಗ ಒಬ್ಬ ಹುಡುಗ ‘ದ ಡಾ ವಿಂಚಿ ಕೋಡ್’ ನೋಡ್ಯಾನ. ಯೇಸು ದೇವರು ಅಂತ ಕ್ರಿ.ಶ. 325ರಾಗ ಓಟ್ ಹಾಕಿ ತೀರ್ಮಾನ ಮಾಡ್ಯಾರ, ಮಗ್ದಲದ ಮರಿಯಳ ಜೋಡಿ ಮದುವಿ ಆಗಿತ್ತು, ಸಭೆ ಅದನ್ನ ಮುಚ್ಚಿಟ್ಟದ ಅಂತ ವಾದ ಮಾಡ್ಲಾಕತ್ತಾನ. ಸಿನಿಮಾ ಸುಳ್ಳು ಅಂದ್ರ ‘ಹ್ಯಾಂಗ ಸುಳ್ಳು, ತೋರಸ್ರಿ’ ಅಂತಾನ. ಏನ್ ಹೇಳಬೇಕ್ರಿ? (ಬೀದರ್)

ಹುಡುಗ ಕೇಳಿದ್ದು ಸರಿಯಾಗಿದೆ, ತೋರಿಸಬೇಕು. ‘ನಂಬಿಕೆ ಇದ್ದವರು ಹೀಗೆ ಕೇಳಬಾರದು’ ಎಂದು ಬಾಯಿ ಮುಚ್ಚಿಸಿದರೆ, ಸಭೆ ಏನೋ ಮುಚ್ಚಿಡುತ್ತದೆ ಎಂಬ ಅವನ ಮಾತಿಗೆ ನೀವೇ ಸಾಕ್ಷಿ ಒದಗಿಸಿದ ಹಾಗೆ.

ಮೊದಲು 325ರ ನೈಸೀಯ ಸಭೆ. ಅಲ್ಲಿ ಸುಮಾರು ಮುನ್ನೂರು ಬಿಷಪ್ಪರು ಸೇರಿದ್ದು ನಿಜ. ಆದರೆ ಚರ್ಚೆ ‘ಯೇಸು ಬರೀ ಮನುಷ್ಯನೋ ದೇವರೋ’ ಎಂಬುದರ ಮೇಲೆ ನಡೆಯಲಿಲ್ಲ. ಅರಿಯಸ್ ಎಂಬ ಅಲೆಕ್ಸಾಂಡ್ರಿಯದ ಪಾದ್ರಿ ಕೂಡ ಕ್ರಿಸ್ತನನ್ನು ಲೋಕಕ್ಕಿಂತ ಮೊದಲೇ ಇದ್ದ ದೈವೀ ಮಗ ಎಂದೇ ಹೇಳುತ್ತಿದ್ದ. ಆ ಮಗ ತಂದೆಯಂತೆ ಅನಾದಿಯೋ ಅಥವಾ ತಂದೆ ಸೃಷ್ಟಿಸಿದವನೋ ಎಂಬುದಷ್ಟೇ ಜಗಳ. ಕೊನೆಯಲ್ಲಿ ಅರಿಯಸ್‌ನ ಪಕ್ಷ ಬಿಡದೆ ಸಹಿ ನಿರಾಕರಿಸಿದ ಬಿಷಪ್ಪರು ಇಬ್ಬರೇ. ಇದನ್ನು ‘ಕೂದಲೆಳೆಯ ಗೆಲುವು’ ಎನ್ನಲಾಗದು. ಇನ್ನೊಂದು ಮಾತು: ಸಿನಿಮಾದಲ್ಲಿ ಈ ವಾದವನ್ನು ಒಂದು ಪಾತ್ರ ಮಂಡಿಸಿದಾಗ ನಾಯಕನ ಪಾತ್ರವೇ ಅದಕ್ಕೆ ಆಕ್ಷೇಪ ಎತ್ತುತ್ತದೆ. ಮೊಬೈಲಿನ ತುಣುಕಿನಲ್ಲಿ ಅಷ್ಟು ಭಾಗ ಇರುವುದಿಲ್ಲ. ಹುಡುಗ ಪೂರ್ತಿ ಚಿತ್ರ ನೋಡಿದ್ದಾನೋ ತುಣುಕು ಮಾತ್ರವೋ ಕೇಳಿ.

325ಕ್ಕಿಂತ ಮೊದಲು ಯೇಸುವನ್ನು ಆರಾಧಿಸುತ್ತಿದ್ದರೇ? ಇಲ್ಲಿ ಸಭೆಯ ಹೊರಗಿನವನ ಮಾತೇ ಬಲವಾದದ್ದು. ರೋಮಿನ ಅಧಿಕಾರಿ ಪ್ಲಿನಿ ಬಿಥೂನ್ಯ ಪ್ರಾಂತ್ಯದ ಗವರ್ನರ್ ಆಗಿದ್ದಾಗ, ಸುಮಾರು 112ರಲ್ಲಿ, ಚಕ್ರವರ್ತಿ ಟ್ರಾಜನ್‌ಗೆ ಪತ್ರ ಬರೆದ. ಕ್ರೈಸ್ತರು ನಿಗದಿತ ದಿನ ಬೆಳಗಾಗುವ ಮುಂಚೆ ಕೂಡಿ, ಕ್ರಿಸ್ತನನ್ನು ದೇವರೆಂದು ಸ್ತುತಿಸಿ ಹಾಡುತ್ತಾರೆ ಎಂಬುದು ಅವನ ವರದಿ. ಅವನಿಗೆ ಕ್ರೈಸ್ತರ ಮೇಲೆ ಪ್ರೀತಿ ಇರಲಿಲ್ಲ, ಅವರನ್ನು ವಿಚಾರಿಸಿ ಶಿಕ್ಷೆ ಕೊಡುತ್ತಿದ್ದವನು. ನೈಸೀಯ ಇರುವುದೂ ಇದೇ ಬಿಥೂನ್ಯದಲ್ಲಿ. ಅಂದರೆ ಆ ಸಭೆ ಕೂಡುವ ಇನ್ನೂರು ವರ್ಷ ಮೊದಲೇ ಅದೇ ಪ್ರಾಂತ್ಯದಲ್ಲಿ ಈ ಹಾಡು ಕೇಳುತ್ತಿತ್ತು. ಇದಕ್ಕಿಂತಲೂ ಹಿಂದಿನದು ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದ 2ನೇ ಅಧ್ಯಾಯ, 6ರಿಂದ 11ನೇ ವಚನ. ಯೇಸುವಿನ ಹೆಸರಿಗೆ ಎಲ್ಲರೂ ಮೊಣಕಾಲೂರುವರು ಎನ್ನುವ ಅದು ಮೊದಲನೇ ಶತಮಾನದ ಬರಹ.

ಬೈಬಲಿನ ಪುಸ್ತಕಗಳನ್ನು ಕಾನ್‌ಸ್ಟಂಟೈನ್ ಚಕ್ರವರ್ತಿ ಆರಿಸಿದ ಎಂಬ ಮಾತೂ ಇದರ ಜೊತೆಗೇ ಬರುತ್ತದೆ. ನೈಸೀಯ ಸಭೆಯ ನಿರ್ಣಯಗಳಲ್ಲಿ ಪುಸ್ತಕಗಳ ಪಟ್ಟಿಯೇ ಇಲ್ಲ. ಹೊಸ ಒಡಂಬಡಿಕೆಯ 27 ಪುಸ್ತಕಗಳನ್ನು ಇವತ್ತು ನಮ್ಮ ಕೈಯಲ್ಲಿರುವಂತೆಯೇ ಪಟ್ಟಿ ಮಾಡಿದ್ದು ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ 367ರಲ್ಲಿ ಬರೆದ ಈಸ್ಟರ್ ಪತ್ರ. ಆಗ ಕಾನ್‌ಸ್ಟಂಟೈನ್ ಸತ್ತು ಮೂವತ್ತು ವರ್ಷ. ನಾಲ್ಕು ಸುವಾರ್ತೆಗಳಂತೂ ಎರಡನೇ ಶತಮಾನದಲ್ಲೇ ನೆಲೆಯೂರಿದ್ದವು.

ಮದುವೆಯ ಮಾತಿಗೆ ಬರೋಣ. ಅದಕ್ಕೆ ಆಧಾರವಾಗಿ ತೋರಿಸುವುದು ‘ಫಿಲಿಪ್ಪನ ಸುವಾರ್ತೆ’ ಎಂಬ ಹಸ್ತಪ್ರತಿ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ಸಿಕ್ಕಿದ್ದು, ಯೇಸುವಿನ ಕಾಲದಿಂದ ಇನ್ನೂರು ವರ್ಷದ ಆಚೆಯದು. ಮರಿಯಳಿಗೆ ಮುತ್ತಿಟ್ಟ ಎಂಬ ವಾಕ್ಯದಲ್ಲಿ ‘ಎಲ್ಲಿ’ ಎಂಬ ಪದ ಇರಬೇಕಾದ ಜಾಗದಲ್ಲೇ ಪುಟ ಹರಿದು ತೂತು ಬಿದ್ದಿದೆ. ಉಳಿದದ್ದು ತುಂಬಿಕೊಂಡವರ ಊಹೆ. ಎದುರು ಸಾಕ್ಷಿ ಬೇಕಾದರೆ 1 ಕೊರಿಂಥ 9:5 ತೆಗೆಯಿರಿ. ಹೆಂಡತಿಯನ್ನು ಜೊತೆಗೆ ಕರೆದುಕೊಂಡು ತಿರುಗುವ ಹಕ್ಕು ನಮಗಿಲ್ಲವೇ ಎಂದು ವಾದಿಸುತ್ತ ಪೌಲನು ಇತರ ಅಪೊಸ್ತಲರನ್ನು, ಕರ್ತನ ತಮ್ಮಂದಿರನ್ನು, ಕೇಫನನ್ನು (ಪೇತ್ರನನ್ನು) ಉದಾಹರಣೆ ಕೊಡುತ್ತಾನೆ. ಯೇಸುವಿಗೇ ಮದುವೆ ಆಗಿದ್ದರೆ ಆ ಒಂದು ಹೆಸರು ಹೇಳಿದ್ದರೆ ವಾದ ಅಲ್ಲಿಗೇ ಮುಗಿಯುತ್ತಿತ್ತು. ಅವನು ಹೇಳಲಿಲ್ಲ. ಇನ್ನು ಈ ಮದುವೆಯ ರಹಸ್ಯ ಕಾಯ್ದುಕೊಂಡು ಬಂತೆಂದು ಚಿತ್ರ ಹೇಳುವ ‘ಸಿಯೋನ್ ಮಠ’ ಎಂಬುದು 1956ರಲ್ಲಿ ಫ್ರಾನ್ಸಿನಲ್ಲಿ ಪಿಯೆರ್ ಪ್ಲಾಂತಾರ್ ಎಂಬವನು ನೋಂದಾಯಿಸಿದ ಸಂಘ. ಅದರ ‘ಪುರಾತನ ದಾಖಲೆ’ಗಳನ್ನು 1960ರ ದಶಕದಲ್ಲಿ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದೊಳಗೆ ತಂದು ಸೇರಿಸಿದ್ದು.

ಆದರೆ ಮರಿಯಳ ವಿಷಯದಲ್ಲಿ ಹುಡುಗನ ಅನುಮಾನದಲ್ಲಿ ಒಂದು ಪಾಲು ಸತ್ಯ ಇದೆ, ಅದನ್ನು ಒಪ್ಪಿಕೊಳ್ಳಿ. ಅವಳು ವೇಶ್ಯೆ ಎಂದು ಸುವಾರ್ತೆಯಲ್ಲಿ ಎಲ್ಲಿಯೂ ಇಲ್ಲ. ಲೂಕ 8:2ರಲ್ಲಿ ಇರುವುದು ಏಳು ದೆವ್ವಗಳಿಂದ ಬಿಡುಗಡೆಯಾದವಳು ಎಂದಷ್ಟೇ. 591ರಲ್ಲಿ ಒಂದನೇ ಗ್ರೆಗೊರಿ ಪೋಪ್ ತಮ್ಮ ಪ್ರಸಂಗದಲ್ಲಿ ಲೂಕ 7ರ ಪಾಪಿ ಹೆಂಗಸನ್ನೂ ಇವಳನ್ನೂ ಒಬ್ಬಳೇ ಮಾಡಿಬಿಟ್ಟರು. ಪಶ್ಚಿಮದ ಸಭೆ ಸಾವಿರದ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಅದನ್ನೇ ಹೇಳಿಕೊಂಡು ಬಂತು. ನಮ್ಮ ಕ್ರಿಸ್ಮಸ್, ಈಸ್ಟರ್ ನಾಟಕಗಳಲ್ಲಿ ಅವಳಿಗೆ ಇನ್ನೂ ಅದೇ ವೇಷ. ಯೋಹಾನ 20ರ ಪ್ರಕಾರ ಎದ್ದುಬಂದ ಯೇಸುವನ್ನು ಮೊದಲು ಕಂಡು ಶಿಷ್ಯರಿಗೆ ಸುದ್ದಿ ಮುಟ್ಟಿಸಿದವಳು ಅವಳು. 2016ರಲ್ಲಿ ಕ್ಯಾಥೊಲಿಕ್ ಸಭೆ ಜುಲೈ 22ರ ಅವಳ ಸ್ಮರಣೆಯನ್ನು ಹಬ್ಬದ ದರ್ಜೆಗೆ ಏರಿಸಿತು. ನಿಮ್ಮ ಹುಡುಗನಿಗೆ ಇಷ್ಟನ್ನೂ ಹೇಳಿ. ಸಿನಿಮಾದ ತಪ್ಪನ್ನು ತೋರಿಸುವವರು ತಮ್ಮ ಮನೆಯ ತಪ್ಪನ್ನೂ ತೋರಿಸಿದಾಗ ಕೇಳುವ ಕಿವಿ ಬೇರೆಯಾಗುತ್ತದೆ.

ಪ್ರಶ್ನೆ: ಸಿನಿಮಾ ನೋಡುವುದು ವಿಶ್ವಾಸಿಗೆ ಪಾಪವೇ? (ಹುಮನಾಬಾದ್)

ಅಲ್ಲ. ಆದರೆ ಒಬ್ಬರಿಗೆ ಹಗುರವಾಗಿ ಹೋಗುವ ದೃಶ್ಯ ಇನ್ನೊಬ್ಬರ ಮನಸ್ಸಿನಲ್ಲಿ ವಾರಗಟ್ಟಲೆ ಕೂತಿರುತ್ತದೆ. ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ ಊಟದ ವಿಷಯದಲ್ಲಿ ಹೇಳಿದ್ದು ಇದಕ್ಕೂ ಸಲ್ಲುತ್ತದೆ: ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಕೊಡಬಾರದು.

ಪ್ರಶ್ನೆ: ಸಭೆಯ ಹಾಲಿನಲ್ಲಿ ಯುವಕರಿಗೆ ಸಿನಿಮಾ ತೋರಿಸಿ ಚರ್ಚೆ ಇಡಬೇಕೆಂದಿದ್ದೇವೆ. ಪ್ರೊಜೆಕ್ಟರ್ ಇದೆ, ಒ.ಟಿ.ಟಿ. ಖಾತೆಯೂ ಇದೆ. ಹೇಗೆ ನಡೆಸಬೇಕು? (ಕಲಬುರಗಿ)

ಚರ್ಚೆ ಇಡಿ, ಪ್ರದರ್ಶನ ಬೇಡ. ಒ.ಟಿ.ಟಿ. ಖಾತೆ ಮನೆಯ ಸ್ವಂತ ಬಳಕೆಗೆ ಕೊಟ್ಟದ್ದು, ಹಾಲಿನಲ್ಲಿ ಸಾರ್ವಜನಿಕವಾಗಿ ತೋರಿಸಲು ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂನಲ್ಲಿ ಧಾರ್ಮಿಕ ಸಮಾರಂಭಕ್ಕೆ ವಿನಾಯಿತಿ ಇದೆ ಎಂದು ಕೆಲವರು ಹೇಳುತ್ತಾರೆ. ಅದು ಹಾಡು, ನಾಟಕ, ಧ್ವನಿಮುದ್ರಣಕ್ಕೆ ಇರುವುದು, ಸಿನಿಮಾದ ಹೆಸರು ಅದರಲ್ಲಿಲ್ಲ. ಸಿನಿಮಾಕ್ಕೆ ವಿನಾಯಿತಿ ಇರುವುದು ಶಿಕ್ಷಣ ಸಂಸ್ಥೆಗೆ, ಅದೂ ನೋಡುವವರು ಸಿಬ್ಬಂದಿ, ವಿದ್ಯಾರ್ಥಿಗಳು, ಪಾಲಕರು ಮತ್ತು ಸಂಸ್ಥೆಯ ಕೆಲಸಕ್ಕೆ ಸಂಬಂಧಪಟ್ಟವರು ಮಾತ್ರ ಆಗಿದ್ದಾಗ. ತೋರಿಸಲೇಬೇಕೆಂದರೆ ಹಕ್ಕುದಾರರಿಂದ ಲಿಖಿತ ಅನುಮತಿ ತೆಗೆದುಕೊಳ್ಳಿ.

ಕಾನೂನು ಬಿಟ್ಟು ನೋಡಿದರೂ ಎರಡೂವರೆ ತಾಸಿನ ಚಿತ್ರ, ಅದರ ಮೇಲೆ ಚರ್ಚೆ ಒಂದೇ ಸಂಜೆಗೆ ಹೊಂದುವುದಿಲ್ಲ. ಚಿತ್ರ ಮುಗಿಯುವ ಹೊತ್ತಿಗೆ ಹಳ್ಳಿಯಿಂದ ಬಂದವರಿಗೆ ಕೊನೆಯ ಬಸ್ಸಿನ ಚಿಂತೆ, ಹೆಣ್ಣುಮಕ್ಕಳಿಗೆ ಮನೆಯಿಂದ ಫೋನ್. ಮಾತಾಡಬೇಕಾದ ಹೊತ್ತಿನಲ್ಲಿ ಕುರ್ಚಿ ಮಡಚುತ್ತಿರುತ್ತೀರಿ. ಆದ್ದರಿಂದ ವಾರದೊಳಗೆ ಅವರವರು ಮನೆಯಲ್ಲಿ ನೋಡಿಕೊಂಡು ಬರಲಿ. ಭಾನುವಾರ ಆರಾಧನೆ ಮುಗಿದ ಮೇಲೆ 75 ನಿಮಿಷ ಕೂಡಿ.

ಎಂಟರಿಂದ ಹನ್ನೆರಡು ಜನ ಸರಿಯಾದ ಗುಂಪು. ಹದಿನೈದು ದಾಟಿದರೆ ಎರಡು ಮಾಡಿ, ಇಲ್ಲವಾದರೆ ಮೂವರು ಮಾತಾಡುತ್ತಾರೆ, ಉಳಿದವರು ಮೊಬೈಲ್ ನೋಡುತ್ತಾರೆ. ಚಿತ್ರ ಆರಿಸುವಾಗ ಪ್ರಮಾಣಪತ್ರ ನೋಡಿ. 2023ರ ತಿದ್ದುಪಡಿಯ ನಂತರ ಯುಎ ಎಂಬುದು 7+, 13+, 16+ ಎಂದು ಮೂರಾಗಿದೆ. ಗುಂಪಿನ ಅತಿ ಚಿಕ್ಕವರ ವಯಸ್ಸಿಗೆ ಹೊಂದಬೇಕು. ನಡೆಸುವವರು ಚಿತ್ರವನ್ನು ಎರಡು ಸಲ ನೋಡಿರಬೇಕು: ಮೊದಲ ಸಲ ಸುಮ್ಮನೆ ಪ್ರೇಕ್ಷಕರಾಗಿ, ಎರಡನೇ ಸಲ ಮುಖ್ಯ ಮಾತುಗಳು ಎಷ್ಟನೇ ನಿಮಿಷದಲ್ಲಿ ಬರುತ್ತವೆ ಎಂದು ಗುರುತು ಹಾಕಿಕೊಂಡು. ‘ಸಿನಿಮಾದಾಗ ಹಂಗ ಅಂದಾರ’, ‘ಇಲ್ಲ, ಹಂಗ ಅಂದಿಲ್ಲ’ ಎಂಬ ಜಗಳಕ್ಕೆ ಅರ್ಧ ಸಮಯ ಹೋಗುವುದನ್ನು ಈ ಗುರುತು ತಪ್ಪಿಸುತ್ತದೆ.

ಬಂದ ಕೂಡಲೇ ಎಲ್ಲರಿಗೂ ಒಂದು ಚೀಟಿ ಕೊಟ್ಟು ಹೆಸರು ಬರೆಯದೆ ಒಂದು ಪ್ರಶ್ನೆ ಬರೆಸಿ, ಡಬ್ಬಿಗೆ ಹಾಕಿಸಿ. ಬಾಯಿಬಿಟ್ಟು ಕೇಳುವ ಪ್ರಶ್ನೆಗಿಂತ ಚೀಟಿಯ ಪ್ರಶ್ನೆ ನಿಜವಾದದ್ದಾಗಿರುತ್ತದೆ. ಮೊದಲ 10 ನಿಮಿಷ ಅಭಿಪ್ರಾಯ ಬೇಡ, ಏನು ಕಂಡಿರಿ ಎಂಬುದಷ್ಟೇ. ಮುಂದಿನ 20 ನಿಮಿಷ ಚಿತ್ರ ಏನು ಹೇಳುತ್ತಿದೆ, ಯಾರ ಬಾಯಿಂದ ಹೇಳಿಸುತ್ತಿದೆ ಎಂದು ನೋಡಿ. ನಂಬುವವನನ್ನು ದಡ್ಡನನ್ನಾಗಿ ಮಾಡಿದ್ದಾರೋ ಕಪಟಿಯನ್ನಾಗಿ ಮಾಡಿದ್ದಾರೋ, ನಗು ಬರುವಂಥ ಮಾತನ್ನು ಯಾರಿಗೆ ಕೊಟ್ಟಿದ್ದಾರೆ, ಹಿನ್ನೆಲೆ ಸಂಗೀತ ಯಾರ ಪರವಾಗಿದೆ? ನಮ್ಮ ಮನಸ್ಸನ್ನು ಬಾಗಿಸುವುದು ಹೆಚ್ಚಾಗಿ ವಾದ ಅಲ್ಲ, ಇವುಗಳೇ. ನಂತರ 25 ನಿಮಿಷ ಸತ್ಯವೇದ ಮತ್ತು ಇತಿಹಾಸದ ಜೊತೆ ತಾಳೆ ನೋಡುವುದು. ಆಮೇಲೆ 15 ನಿಮಿಷ ‘ಇದರಲ್ಲಿ ನಮ್ಮ ಮೇಲಿನ ನಿಜವಾದ ದೂರು ಯಾವುದು’ ಎಂಬುದಕ್ಕೆ. ಕೊನೆಯ ಐದು ನಿಮಿಷ ಪ್ರಾರ್ಥನೆ.

ಕೆಡುವುದು ಎಲ್ಲಿ? ಪಾಸ್ಟರ್ ಮೊದಲು ಮಾತಾಡಿದರೆ ಅಲ್ಲಿಗೆ ಚರ್ಚೆ ಮುಗಿಯಿತು, ಅವರು ಕೊನೆಗೆ ಮಾತಾಡಲಿ. ಯೂಟ್ಯೂಬಿನಲ್ಲಿ ಎಲ್ಲ ಕೇಳಿಕೊಂಡು ಬಂದ ಒಬ್ಬರು ಇಡೀ ಹೊತ್ತನ್ನು ನುಂಗುತ್ತಾರೆ, ಒಬ್ಬರಿಗೆ ಒಂದು ಸಲಕ್ಕೆ ಎರಡು ನಿಮಿಷ ಎಂದು ಮೊದಲೇ ಕಟ್ಟು ಹಾಕಿ. ಉತ್ತರ ಗೊತ್ತಿರದ ಪ್ರಶ್ನೆಗೆ ‘ಮುಂದಿನ ವಾರ ಹೇಳುತ್ತೇನೆ’ ಎಂದವರು ಮುಂದಿನ ವಾರ ನಿಜವಾಗಿ ಹೇಳಬೇಕು. ಮರೆತುಹೋದರೆ ಹುಡುಗರು ಮರೆಯುವುದಿಲ್ಲ.

ಪ್ರಶ್ನೆ: ‘ಪಿಕೆ’, ‘ಮುಕುಂದ ಮುರಾರಿ’ ನೋಡಿದ ಮೇಲೆ ನನ್ನ ಮಗ ಕಾಣಿಕೆ ಹಾಕುವುದು ಬಿಟ್ಟಿದ್ದಾನೆ. ಈಗ ಮಲಯಾಳದ ‘ಟ್ರಾನ್ಸ್’ ನೋಡಿ, ನಾವು ಹೋಗುವ ಸ್ವಸ್ಥತೆಯ ಕೂಟವೂ ಮೋಸವೇ ಅಂತಾನೆ. ಅವನಪ್ಪನಿಗೂ ಅವನಿಗೂ ಮಾತಿಲ್ಲ. (ಯಾದಗಿರಿ, ತಾಯಿ)

ತಾಯಿ, ನಿಮ್ಮ ಮಗ ನೋಡಿದ ಮೂರೂ ಚಿತ್ರಗಳು ‘ದೇವರಿಲ್ಲ’ ಎನ್ನುವುದಿಲ್ಲ. 2016ರ ‘ಮುಕುಂದ ಮುರಾರಿ’ 2012ರ ಹಿಂದಿ ‘ಓ ಮೈ ಗಾಡ್’ನ ಕನ್ನಡ ರೂಪ. ಅದರಲ್ಲಿ ದೇವರ ಮೇಲೆ ಕೇಸು ಹಾಕಿದವನಿಗೆ ನೆರವಾಗಿ ನಿಲ್ಲುವವನೇ ದೇವರು. 2014ರ ‘ಪಿಕೆ’ಯ ಸಿಟ್ಟು ದೇವರ ಹೆಸರಿನಲ್ಲಿ ‘ರಾಂಗ್ ನಂಬರ್’ ಹಚ್ಚಿಕೊಡುವವರ ಮೇಲೆ. 2020ರ ‘ಟ್ರಾನ್ಸ್’ನಲ್ಲಿ ವ್ಯಾಪಾರಸ್ಥರು ಒಬ್ಬ ಭಾಷಣಕಾರನನ್ನು ಹಿಡಿದು ಪವಾಡ ಮಾಡುವ ಪಾಸ್ಟರ್ ಆಗಿ ತಯಾರು ಮಾಡುತ್ತಾರೆ, ಪ್ರಾರ್ಥನೆಯನ್ನೇ ನೆಚ್ಚಿ ಔಷಧ ಬಿಟ್ಟ ಮನೆಯಲ್ಲಿ ಮಗು ಸಾಯುತ್ತದೆ. ಈ ದೂರನ್ನು ಸಿನಿಮಾದವರಿಗಿಂತ ಮೊದಲು ಪ್ರವಾದಿಗಳು ಹೇಳಿದ್ದಾರೆ. ಮೀಕ 3:11ರಲ್ಲಿ ಯಾಜಕರು ಕೂಲಿಗೆ ಬೋಧಿಸುತ್ತಾರೆ, ಪ್ರವಾದಿಗಳು ದುಡ್ಡಿಗೆ ಕಣಿ ಹೇಳುತ್ತಾರೆ. ಯೆಹೆಜ್ಕೇಲ 34ರಲ್ಲಿ ಕುರುಬರು ಕುರಿ ಮೇಯಿಸದೆ ತಾವೇ ಮೇಯುತ್ತಾರೆ. ಬಸವಕಲ್ಯಾಣದ ನೆಲಕ್ಕೆ ಹತ್ತಿರ ಇರುವ ನಮಗೆ ಪೂಜಾರಿಕೆಯನ್ನು ಪ್ರಶ್ನಿಸುವ ಮಾತು ಹೊಸದೇನಲ್ಲ. ಮಗ ನಂಬಿಕೆ ಬಿಟ್ಟನೆಂದು ಅಳುವ ಮೊದಲು, ಅವನು ಪ್ರವಾದಿಯ ಪಕ್ಷ ಹಿಡಿದಿದ್ದಾನೋ ನೋಡಿ.

ಕಾಣಿಕೆಯ ವಿಷಯಕ್ಕೆ ಉಪದೇಶ ಬೇಡ, ಲೆಕ್ಕ ತೋರಿಸಿ. ಎರಡು ಕೊರಿಂಥ 8:20-21ರಲ್ಲಿ ಪೌಲನು ಯೆರೂಸಲೇಮಿನ ಬಡ ವಿಶ್ವಾಸಿಗಳಿಗೆ ಕೂಡಿಸಿದ ಹಣದ ಬಗ್ಗೆ, ಕರ್ತನ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ನೆಟ್ಟಗೆ ಇರಬೇಕೆಂದು ಎಚ್ಚರ ವಹಿಸುತ್ತೇನೆ ಅನ್ನುತ್ತಾನೆ. ನಿಮ್ಮ ಸಭೆಯಲ್ಲಿ ಕಾಣಿಕೆ ಎಣಿಸುವವರು ಇಬ್ಬರಿಗಿಂತ ಹೆಚ್ಚಿದ್ದಾರೆಯೇ? ಎಣಿಸಿದ ದಿನವೇ ಪುಸ್ತಕಕ್ಕೆ ಬರೆದು ಸಹಿ ಹಾಕುತ್ತಾರೆಯೇ? ಹಣ ಬ್ಯಾಂಕಿನಲ್ಲಿ ಸಭೆಯ ಹೆಸರಿಗೆ ಹೋಗುತ್ತದೆಯೋ ಒಬ್ಬರ ಫೋನ್‌ಪೇ ನಂಬರಿಗೋ? ವರ್ಷಕ್ಕೊಮ್ಮೆ ಆಡಿಟ್ ಆದ ಲೆಕ್ಕ ಸಭೆಯ ಮುಂದೆ ಓದುತ್ತಾರೆಯೇ? ನಾಲ್ಕಕ್ಕೂ ಹೌದು ಎಂದಾದರೆ ಮಗನನ್ನೇ ಒಂದು ತಿಂಗಳು ಎಣಿಸಲು ಕೂರಿಸಿ. ಇಲ್ಲ ಎಂದಾದರೆ ಅವನ ಪ್ರಶ್ನೆ ನಿಮ್ಮದೂ ಆಗಬೇಕು.

ಸ್ವಸ್ಥತೆಯ ಕೂಟದ್ದು ಇನ್ನೂ ಗಂಭೀರ. ರೋಗಿಗಾಗಿ ಪ್ರಾರ್ಥಿಸಿ ಎಣ್ಣೆ ಹಚ್ಚುವುದು ಯಾಕೋಬ 5:14ರಲ್ಲಿದೆ, ಅದನ್ನು ಬಿಡಬೇಕಿಲ್ಲ. ಆದರೆ ಕಾಣಿಕೆಯ ಲೆಕ್ಕದ ಮಾತು ಹೇಳಿದ ಅದೇ ಪೌಲನು ತಿಮೊಥೆಯನ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಎಂದು ಮದ್ದು ಹೇಳಿದ, ತ್ರೊಫಿಮನನ್ನು ರೋಗಿಯಾಗಿಯೇ ಮಿಲೇತದಲ್ಲಿ ಬಿಟ್ಟು ಬಂದ, ವೈದ್ಯ ಲೂಕನನ್ನು ಜೊತೆಗಿಟ್ಟುಕೊಂಡ. ಗುಣವಾಗದಿದ್ದರೆ ನಿನಗೆ ವಿಶ್ವಾಸ ಇಲ್ಲ ಎಂದು ಅವರ್‍ಯಾರಿಗೂ ಹೇಳಲಿಲ್ಲ. ವೇದಿಕೆಯಿಂದ ‘ಮಾತ್ರೆ ಬಿಡು’ ಎಂಬ ಮಾತು ಬಂತೆಂದರೆ ಅಲ್ಲಿಂದ ಎದ್ದುಬನ್ನಿ. ಕ್ಷಯದ ಸಾಮಾನ್ಯ ಚಿಕಿತ್ಸೆ ಆರು ತಿಂಗಳದ್ದು. ಎರಡು ತಿಂಗಳಿಗೆ ಕೆಮ್ಮು ನಿಂತಿತೆಂದು ಬಿಟ್ಟರೆ ಉಳಿದ ಕ್ರಿಮಿಗಳು ಔಷಧಕ್ಕೆ ಬಗ್ಗದಂತಾಗಿ ತಿರುಗಿ ಬರುತ್ತವೆ. ಮಕ್ಕಳ ಸಕ್ಕರೆ ರೋಗದಲ್ಲಿ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಅಪಾಯ. ಮೂರ್ಛೆರೋಗದ ಮಾತ್ರೆ ಒಮ್ಮೆಲೇ ಬಿಟ್ಟರೆ ಫಿಟ್ಸ್ ಮೊದಲಿಗಿಂತ ಜೋರಾಗಿ ಬರಬಹುದು.

ಅಪ್ಪ-ಮಗನ ಮಾತು ನಿಂತಿರುವುದು ಸಿನಿಮಾದಿಂದಲ್ಲ ಅನಿಸುತ್ತದೆ. ಆ ಚಿತ್ರಗಳಲ್ಲಿ ಒಂದನ್ನು ಯಜಮಾನರು ಒಮ್ಮೆ ಮಗನ ಪಕ್ಕ ಕೂತು ನೋಡಲಿ, ನಡುವೆ ಒಂದೂ ಮಾತಾಡದೆ.

ಪ್ರಶ್ನೆ: ಯೇಸುವನ್ನು ಅವಮಾನಿಸುವ ಒಂದು ವೆಬ್ ಸರಣಿಯ ಟ್ರೇಲರ್ ಬಂದಿದೆ. ನಿಷೇಧಕ್ಕೆ ಜಿಲ್ಲಾಧಿಕಾರಿಗಳಿಗೆ ಮನವಿ ಕೊಡಬೇಕೆಂದು ಎಲ್ಲ ಸಭೆಗಳವರು ಕೂಡಿದ್ದೇವೆ. ಮನವಿ ಹೇಗೆ ಬರೆಯಬೇಕು? (ಶಹಾಪುರ)

ಟ್ರೇಲರ್ ಮೇಲೆ ಮನವಿ ಬರೆಯಬೇಡಿ. ಸಿಟ್ಟು ಬರಿಸುವ ಎರಡು ಮಾತನ್ನು ಆರಿಸಿ ಜೋಡಿಸುವುದೇ ಟ್ರೇಲರಿನ ಕೆಲಸ. ಪೂರ್ತಿ ನೋಡಿದ ಇಬ್ಬರಾದರೂ ನಿಮ್ಮ ನಡುವೆ ಇರಬೇಕು.

ಟಾಕೀಸಿನ ಚಿತ್ರಕ್ಕೆ ಪ್ರಮಾಣಪತ್ರ ಕೊಡುವುದು 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿಯ ಕೇಂದ್ರ ಮಂಡಳಿ, ದೃಶ್ಯ ಕತ್ತರಿಸುವ ಅಧಿಕಾರ ಜಿಲ್ಲಾಧಿಕಾರಿಗೆ ಇಲ್ಲ. ವೆಬ್ ಸರಣಿಗೆ ಆ ಪ್ರಮಾಣಪತ್ರವೇ ಬೇಕಿಲ್ಲ. 2021ರ ಐ.ಟಿ. ನಿಯಮಗಳ ಪ್ರಕಾರ ಪ್ರತಿ ಒ.ಟಿ.ಟಿ. ಸಂಸ್ಥೆ ಒಬ್ಬ ದೂರು ಅಧಿಕಾರಿಯನ್ನು ಇಟ್ಟಿರಬೇಕು, 15 ದಿನದೊಳಗೆ ದೂರಿಗೆ ಉತ್ತರ ಕೊಡಬೇಕು. ಅವರ ಇ-ಮೇಲ್ ಸಂಸ್ಥೆಯ ಜಾಲತಾಣದಲ್ಲೇ ಇರುತ್ತದೆ. ದೂರಿನಲ್ಲಿ ಸರಣಿಯ ಹೆಸರು, ಸಂಚಿಕೆ, ನಿಮಿಷ, ಅಲ್ಲಿ ಆಡಿದ ಮಾತು, ಅದರಲ್ಲಿ ತಪ್ಪೇನು, ನೀವು ಕೇಳುವುದೇನು ಎಂದು ಒಂದೇ ಪುಟದಲ್ಲಿ ಬರೆಯಿರಿ. ‘ಸಮಸ್ತ ಕ್ರೈಸ್ತರ ಭಾವನೆಗೆ ಧಕ್ಕೆ’ ಎಂದು ನಾಲ್ಕು ಪುಟ ತುಂಬಿಸಿದ್ದನ್ನು ಯಾರೂ ಓದುವುದಿಲ್ಲ. ಕೇಳಿಕೆ ಸಣ್ಣದಿರಲಿ: ವಯಸ್ಸಿನ ಗುರುತು ಬದಲಿಸುವುದು, ಇದು ಕಲ್ಪಿತ ಕಥೆ ಎಂಬ ಸೂಚನೆ ಹಾಕುವುದು. ‘ಡಾ ವಿಂಚಿ ಕೋಡ್’ ನಮ್ಮ ದೇಶದಲ್ಲಿ 2006ರಲ್ಲಿ ಬಿಡುಗಡೆಯಾದದ್ದು ಅಂಥ ಸೂಚನೆಯೊಂದಿಗೆ, ‘ಎ’ ಪ್ರಮಾಣಪತ್ರದಲ್ಲಿ.

ಅದೇ ಚಿತ್ರವನ್ನು ಪಕ್ಕದ ಆಂಧ್ರ ಸರ್ಕಾರ ನಿಷೇಧಿಸಿತ್ತು. ಹೈಕೋರ್ಟ್ ಕೆಲವೇ ವಾರಗಳಲ್ಲಿ ಆ ಆದೇಶವನ್ನು ರದ್ದು ಮಾಡಿತು. ಪ್ರತಿಭಟನೆಯ ಬೆದರಿಕೆ ಇದೆ ಎಂಬ ಕಾರಣಕ್ಕೆ ಚಿತ್ರವನ್ನು ಹತ್ತಿಕ್ಕಲಾಗದು, ಅಭಿವ್ಯಕ್ತಿಗೆ ರಕ್ಷಣೆ ಕೊಡುವುದು ಸರ್ಕಾರದ ಕೆಲಸ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ರಂಗರಾಜನ್ ಪ್ರಕರಣದಲ್ಲಿ ಹೇಳಿದೆ. ಪೊಲೀಸ್ ದೂರಿನ ದಾರಿಯೂ ಇದೆ, ಹಿಂದಿನ ದಂಡ ಸಂಹಿತೆಯ 295-ಎ ಈಗ ಭಾರತೀಯ ನ್ಯಾಯ ಸಂಹಿತೆಯ 299. ಆದರೆ ಅದಕ್ಕೆ ಬೇಕಾದದ್ದು ಬುದ್ಧಿಪೂರ್ವಕ, ದುರುದ್ದೇಶದ ಅವಮಾನ. ನಮ್ಮ ಮನಸ್ಸು ನೊಂದಿತು ಎಂಬುದು ಸಾಲದು. ಇದೇ ಕಲಂ ಬೀದಿಬದಿಯಲ್ಲಿ ಸುವಾರ್ತೆ ಹೇಳುವವರ ಮೇಲೂ ಬೀಳುವಂಥದ್ದು ಎಂಬುದು ನೆನಪಿರಲಿ. ಅಲ್ಪಸಂಖ್ಯಾತರು ಇಂಥ ಕಲಮುಗಳನ್ನು ಚೂಪು ಮಾಡಿಕೊಡುವುದು ಜಾಣತನ ಅಲ್ಲ ಎಂಬುದು ನಮ್ಮ ಅಭಿಪ್ರಾಯ.

ಬರೀ ಚುಡಾಯಿಸಲಿಕ್ಕೆಂದೇ ಮಾಡಿದ ಸರಕಿಗೆ ಎಲ್ಲಕ್ಕಿಂತ ದೊಡ್ಡ ಜಾಹೀರಾತು ಮೆರವಣಿಗೆ. ನಿಮ್ಮ ಪತ್ರವನ್ನು ಆ ಸರಣಿಯ ಹೆಸರು ತೆಗೆದು ಇಲ್ಲಿ ಅಚ್ಚು ಹಾಕಿರುವುದೂ ಅದಕ್ಕೇ.

ಪ್ರಶ್ನೆ: ‘ದ ಕಾಂಜುರಿಂಗ್’, ‘ದ ನನ್’ ನೋಡಿ ಮಗಳು ದೀಪ ಆರಿಸಲು ಬಿಡುವುದಿಲ್ಲ. ತಲೆದಿಂಬಿನ ಕೆಳಗೆ ಶಿಲುಬೆ ಇಟ್ಟುಕೊಂಡು ಮಲಗುತ್ತಾಳೆ. ಸೈತಾನನಿಗೆ ಅಷ್ಟು ಶಕ್ತಿ ಇದೆಯೇ? (ಸೇಡಂ)

ಇಂಥ ಚಿತ್ರಗಳು ಚರ್ಚಿನ ಪರವಾಗಿರುವಂತೆ ಕಾಣುತ್ತವೆ: ಪಾದ್ರಿ ಒಳ್ಳೆಯವನು, ಶಿಲುಬೆ ಕೆಲಸ ಮಾಡುತ್ತದೆ. ಆದರೆ ನಂಬಿಕೆಯನ್ನು ಹೆಚ್ಚು ತಿರುಚುವುದು ಇವೇ ಎನ್ನಬೇಕು. ಒಂದೂಮುಕ್ಕಾಲು ತಾಸು ದೆವ್ವದ ಕೈಮೇಲು, ಕೊನೆಯ ಐದು ನಿಮಿಷ ದೇವರಿಗೆ. ಶಿಲುಬೆಯೂ ಯೇಸುವಿನ ಹೆಸರೂ ತಾಯಿತ-ಮಂತ್ರದ ಹಾಗೆ ಆಗಿಬಿಡುತ್ತವೆ. ಅಪೊಸ್ತಲರ ಕೃತ್ಯಗಳು 19:13-16ರಲ್ಲಿ ಸ್ಕೇವನ ಏಳು ಮಕ್ಕಳು ಆ ಹೆಸರನ್ನು ಮಂತ್ರದಂತೆ ಬಳಸಲು ಹೋಗಿ ಬಟ್ಟೆ ಹರಿಸಿಕೊಂಡು ಓಡಿದ ಪ್ರಸಂಗವನ್ನು ಮಗಳೊಡನೆ ಓದಿ, ಓದುವಾಗ ನಗು ಬಂದರೆ ನಗಿ. ಕ್ಯಾಥೊಲಿಕ್ ಸಭೆಯಲ್ಲಿ ಭೂತೋಚ್ಚಾಟನೆಗೆ ಧರ್ಮಾಧ್ಯಕ್ಷರ ವಿಶೇಷ ಅನುಮತಿ ಕಡ್ಡಾಯ. ಮೊದಲು ವೈದ್ಯರ ಪರೀಕ್ಷೆ ಆಗಬೇಕು. ಸಿನಿಮಾದಂತೆ ಯಾವನೋ ರಾತ್ರೋರಾತ್ರಿ ಚೀಲ ಹಿಡಿದು ಬರುವುದಿಲ್ಲ.

ಶಿಲುಬೆಯನ್ನು ಕಿತ್ತುಕೊಳ್ಳಬೇಡಿ. ಮಲಗುವ ಮುಂಚೆ ಮೊಬೈಲ್ ಆಚೆ ಇರಲಿ, ಒಂದೆರಡು ವಾರ ಪಕ್ಕದಲ್ಲಿ ಯಾರಾದರೂ ಮಲಗಿ. ಹೆಚ್ಚಿನ ಮಕ್ಕಳಿಗೆ ಅಷ್ಟರಲ್ಲಿ ಭಯ ಇಳಿಯುತ್ತದೆ. ತಿಂಗಳಾದರೂ ನಿದ್ರೆ ಇಲ್ಲ, ಊಟ ಸೇರುವುದಿಲ್ಲ, ಧ್ವನಿ ಕೇಳಿಸುತ್ತದೆ ಎಂದರೆ ಮನೋವೈದ್ಯರಿಗೆ ತೋರಿಸಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಪುಕ್ಕಟೆಯಾಗಿ ಮಾತಾಡಬಹುದು. ‘ಬಿಡುಗಡೆಯ ಪ್ರಾರ್ಥನೆ’ ಎಂದು ಹುಡುಗಿಯ ಕೂದಲು ಹಿಡಿದು ಅಲ್ಲಾಡಿಸುವವರ ಹತ್ತಿರ ಮಾತ್ರ ಒಯ್ಯಬೇಡಿ.

ಪ್ರಶ್ನೆ: ‘ಕಾನ್‌ಕ್ಲೇವ್’ ಚಿತ್ರದಲ್ಲಿ ಯಾರಿಗೂ ಗೊತ್ತಿಲ್ಲದ ರಹಸ್ಯ ಕಾರ್ಡಿನಲ್ ಒಬ್ಬರು ಬಂದು ಹೊಸ ಪೋಪರ ಆಯ್ಕೆಗೆ ಮತ ಹಾಕುತ್ತಾರೆ. ಹೀಗೆ ಸಾಧ್ಯವೇ? (ಕಲಬುರಗಿ)

ಪೋಪರು ಒಬ್ಬರನ್ನು ಹೆಸರು ಗುಟ್ಟಾಗಿಟ್ಟು ಕಾರ್ಡಿನಲ್ ಮಾಡಬಹುದು. ಆದರೆ ಸಾಯುವ ಮೊದಲು ಆ ಹೆಸರನ್ನು ಪ್ರಕಟಿಸದಿದ್ದರೆ ನೇಮಕ ಊರ್ಜಿತವಲ್ಲ, ಮತದ ಹಕ್ಕೂ ಇಲ್ಲ. ಇಡೀ ಕಥೆ ನಿಂತಿರುವುದು ಈ ಸಡಿಲ ಗೂಟದ ಮೇಲೆ. 80 ವರ್ಷದೊಳಗಿನವರಿಗೆ ಮಾತ್ರ ಮತ, ಮೂರನೇ ಎರಡು ಬಹುಮತ ಎಂಬುವೆಲ್ಲ ಸರಿ. 2025ರ ಮೇ 8ರಂದು ಹದಿನಾಲ್ಕನೇ ಲಿಯೊ ಅವರನ್ನು ಆರಿಸಿದಾಗ ಮತ ಹಾಕಿದವರು 133 ಕಾರ್ಡಿನಲ್‌ಗಳು.

ಪ್ರಶ್ನೆ: ‘ಸ್ಪಾಟ್‌ಲೈಟ್’ ನೋಡಿದೆ. ಆ ರಾತ್ರಿಯಿಂದ ಬಲಿಪೂಜೆಗೆ ಕೂತರೂ ಮನಸ್ಸು ನಿಲ್ಲುತ್ತಿಲ್ಲ. ಇದು ಸಭೆಯ ವಿರುದ್ಧದ ಅಪಪ್ರಚಾರ ಎಂದು ಹಿರಿಯರೊಬ್ಬರು ಹೇಳಿದರು. ಹೌದೇ? (ಕಲಬುರಗಿ)

ಅಲ್ಲ. ಅದರಲ್ಲಿ ತೋರಿಸಿದ ಮೂಲ ಸಂಗತಿ ನಡೆದದ್ದು. ಅಮೆರಿಕದ ಬಾಸ್ಟನ್ ನಗರದ ‘ಬಾಸ್ಟನ್ ಗ್ಲೋಬ್’ ಪತ್ರಿಕೆ 2002ರ ಜನವರಿಯಿಂದ ಬರೆದ ವರದಿಗಳು, ಮಕ್ಕಳ ಮೇಲೆ ದೌರ್ಜನ್ಯ ಎಸಗಿದ ಗುರುಗಳನ್ನು ಶಿಕ್ಷಿಸದೆ ಧರ್ಮಕೇಂದ್ರದಿಂದ ಧರ್ಮಕೇಂದ್ರಕ್ಕೆ ವರ್ಗ ಮಾಡಿದ್ದನ್ನು ಸಭೆಯದೇ ದಾಖಲೆಗಳಿಂದ ತೋರಿಸಿದವು. ಅದೇ ವರ್ಷ ಡಿಸೆಂಬರಿನಲ್ಲಿ ಅಲ್ಲಿನ ಕಾರ್ಡಿನಲ್ ರಾಜೀನಾಮೆ ಕೊಟ್ಟರು. 2019ರಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ ಆದೇಶ, ಇಂಥದ್ದು ತಿಳಿದ ಗುರುಗಳು ಮತ್ತು ಕನ್ಯಾಸ್ತ್ರೀಯರು ಮೇಲಧಿಕಾರಿಗಳಿಗೆ ವರದಿ ಮಾಡಲೇಬೇಕೆಂದು ಕಡ್ಡಾಯ ಮಾಡಿತು. ಅಪಪ್ರಚಾರ ಎಂದಿದ್ದರೆ ಅಂಥ ಆದೇಶದ ಅಗತ್ಯವೇ ಬೀಳುತ್ತಿರಲಿಲ್ಲ. ಇದು ಒಂದು ಪಂಗಡದ ರೋಗವೂ ಅಲ್ಲ. ಹಾಸ್ಟೆಲ್, ಸಂಡೆ ಸ್ಕೂಲ್, ಬೇಸಿಗೆ ಶಿಬಿರ ಇರುವ ಯಾವ ಸಭೆಯೂ ತನ್ನ ಕಡೆ ನೋಡಿಕೊಳ್ಳಬೇಕು.

ಇಂಥ ಚಿತ್ರಕ್ಕೆ ಉತ್ತರ ವಾದದಲ್ಲಿ ಇಲ್ಲ, ವ್ಯವಸ್ಥೆಯಲ್ಲಿದೆ. ನಮ್ಮಲ್ಲಿ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಮಗುವಿನ ಮೇಲೆ ದೌರ್ಜನ್ಯ ನಡೆದದ್ದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ವಿಷಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ‘ಸಭೆಯ ಮಾನ’, ‘ಒಳಗೇ ಬಗೆಹರಿಸೋಣ’ ಎಂಬುದಕ್ಕೆ ಈ ಕಾಯ್ದೆಯಲ್ಲಿ ಜಾಗ ಇಲ್ಲ. ಮಕ್ಕಳ ಸಹಾಯವಾಣಿ 1098ನ್ನು ಸಂಡೆ ಸ್ಕೂಲಿನ ಗೋಡೆಗೆ ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆಸಿ. ಒಂದು ಮಗುವಿನ ಜೊತೆ ಒಬ್ಬರೇ ದೊಡ್ಡವರು ಮುಚ್ಚಿದ ಕೋಣೆಯಲ್ಲಿ ಇರಬಾರದು, ಪ್ರವಾಸದಲ್ಲಿ ಮಕ್ಕಳ ಕೋಣೆಯಲ್ಲಿ ದೊಡ್ಡವರು ಮಲಗಬಾರದು, ಜಾತ್ರೆ-ಶಿಬಿರಗಳಿಗೆ ಸ್ವಯಂಸೇವಕರನ್ನು ತೆಗೆದುಕೊಳ್ಳುವಾಗ ಹಿಂದಿನ ಸಭೆಯನ್ನು ವಿಚಾರಿಸಬೇಕು. ಧಾರೂರಿನ ಕ್ರೈಸ್ತ ಜಾತ್ರೆಗೆ ಮಕ್ಕಳನ್ನು ಗುಂಪಾಗಿ ಕರೆದೊಯ್ಯುವವರಿಗೂ ಇದೇ ಮಾತು.

ನಿಮ್ಮ ಮನಸ್ಸು ನಿಲ್ಲದಿರುವುದು ನಂಬಿಕೆ ಕಡಿಮೆಯಾದ್ದರಿಂದ ಎಂದುಕೊಳ್ಳಬೇಡಿ. ಮೂರು-ನಾಲ್ಕು ಮಂದಿ ಪಾಲಕರು ಕೂಡಿ, ನಿಮ್ಮ ಧರ್ಮಕೇಂದ್ರದಲ್ಲಿ ಮಕ್ಕಳ ಸುರಕ್ಷತೆಗೆ ಬರೆದಿಟ್ಟ ನಿಯಮ ಏನಿದೆ, ದೂರು ಯಾರಿಗೆ ಕೊಡಬೇಕು ಎಂದು ಗುರುಗಳನ್ನು ಕೇಳಿ. ಬಾಯಿಮಾತಿನ ಉತ್ತರಕ್ಕೆ ಸುಮ್ಮನಾಗಬೇಡಿ, ಕಾಗದದಲ್ಲಿ ಕೇಳಿ.

ಪ್ರಶ್ನೆ: ಸಂಡೆ ಸ್ಕೂಲ್ ಮಕ್ಕಳು ‘ನೋವ’ ಚಿತ್ರ ನೋಡಿ, ಕಲ್ಲಿನ ರಾಕ್ಷಸರು ನಾವೆ ಕಟ್ಟಲು ನೆರವಾದರಂತೆ, ನೋಹನು ಕುಡಿದು ಬಿದ್ದನಂತೆ ಎನ್ನುತ್ತಾರೆ. ಇವೆಲ್ಲ ಬೈಬಲಿನಲ್ಲಿ ಇಲ್ಲ ಎಂದು ಹೇಳಿದೆ. ಸರಿಯೇ? (ಭಾಲ್ಕಿ)

ಅರ್ಧ ಸರಿ. ಕಲ್ಲಿನ ರೂಪದವರು ಆದಿಕಾಂಡದಲ್ಲಿ ಇಲ್ಲ. 2014ರ ಆ ಚಿತ್ರದವರು ಹನೋಕನ ಗ್ರಂಥದ ‘ಕಾವಲುಗಾರ’ರೆಂಬ ದೇವದೂತರನ್ನು ತಂದು ಕಲ್ಲು ಹೊದಿಸಿದ್ದಾರೆ. ಇಥಿಯೋಪಿಯದ ಸಭೆ ಆ ಗ್ರಂಥವನ್ನು ಬೈಬಲಿನಲ್ಲಿ ಇಟ್ಟುಕೊಂಡಿದೆ, ನಮ್ಮಲ್ಲಿಲ್ಲ. ನೋಹನ ಮಕ್ಕಳಾದ ಹಾಮ್‌ಗೂ ಯಾಫೆತನಿಗೂ ನಾವೆಯಲ್ಲಿ ಹೆಂಡತಿಯರಿಲ್ಲ ಎಂದು ಚಿತ್ರ ತೋರಿಸಿದ್ದೂ ತಪ್ಪು, ಆದಿಕಾಂಡ 7:13 ಮೂವರು ಸೊಸೆಯರೂ ಏರಿದರು ಎನ್ನುತ್ತದೆ. ಆದರೆ ನೋಹ ಕುಡಿದು ಬಿದ್ದದ್ದು 9:21ರಲ್ಲಿ ಇದೆ. ಸಂಡೆ ಸ್ಕೂಲಿನ ಪಾಠದಲ್ಲಿ ಕಾಮನಬಿಲ್ಲಿಗೆ ಕಥೆ ನಿಲ್ಲಿಸುವುದರಿಂದ ಮಕ್ಕಳಿಗೆ ಗೊತ್ತಿರುವುದಿಲ್ಲ. ಮುಂದಿನ ವಾರ ಆ ವಚನವನ್ನು ಮಕ್ಕಳ ಕೈಯಲ್ಲೇ ಓದಿಸಿ.

ನಂತರ ಹೊರಗೆ ಕರೆದುಕೊಂಡು ಹೋಗಿ. ನಾವೆಯ ಅಳತೆ 300 ಮೊಳ ಉದ್ದ, 50 ಅಗಲ, 30 ಎತ್ತರ; ಮೊಳಕ್ಕೆ ಸುಮಾರು 45 ಸೆಂಟಿಮೀಟರ್ ಹಿಡಿದರೆ 135 ಮೀಟರ್, ಇಪ್ಪತ್ತೆರಡೂವರೆ, ಹದಿಮೂರೂವರೆ. ಶಾಲೆಯ ಮೈದಾನದಲ್ಲಿ ಉದ್ದ-ಅಗಲ ಹಗ್ಗ ಹಿಡಿದು ಸುಣ್ಣದ ಗೆರೆ ಹಾಕಿಸಿ. ಮೈದಾನ ಸಾಲದಿದ್ದರೆ ಅರ್ಧಕ್ಕೆ ಹಾಕಿ, ಲೆಕ್ಕ ಮಕ್ಕಳೇ ಮಾಡಲಿ.